ಮಣ್ಣನ್ನೊಲ್ಲದ ಸೀತಾಳೆದಂಡೆ

ರೋಹಿಣಿ ಮಳೆಯ ದಿನಗಳಲ್ಲಿ ಮಲೆನಾಡಿನ ಕಡೆಗೆ ಪ್ರಯಾಣಮಾಡಿದ ವಾಚಕರು, ಹಾದಿಯ ಬದಿಯ ಹಳೆಯ ಮರಗಳ ಕೊಂಬೆಗಳಿಂದ ನಸುಗೆಂಪಿನ ಹೂವಿನ ಗೊಂಚಲುಗಳು ಇಳಿಬಿದ್ದಿರುವುದನ್ನು ನೋಡಿಯೇ ಇರಬೇಕು. ಯಾರೋ ಕುಳಿತು ಬಿಡುವಾಗಿ ದಂಡೆ ಕಟ್ಟಿ ಮರಕ್ಕೆ ತೂಗಹಾಕಿದಂತೆ ಅವು ಕಾಣುವುವು. ಆ ಹೂವಿಗೆ ಸೀತಾಳೆದಂಡೆ ಎಂದು ಹೆಸರು. ಕೆಲವರು ಸೀತೆದಂಡೆ ಎಂದೂ ಹೇಳುವರು. ಅದನ್ನು ಕಂಡವರ ಮನಸ್ಸಿನಲ್ಲಿ ಮೊದಲು ಹುಟ್ಟುವ ಆಸೆ, ಒಂದು ಗಿಡವನ್ನು ನಮ್ಮ ಮನೆಗೂ ಒಯ್ಯಬೇಕೆಂಬುದು. ನಾವು ಹಾಗೆ ಒಯ್ದೆವು, ಒಯ್ದು ಕೊಂದೆವು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಅನಂತರ ಪ್ರವಾಸದ ಮಾತನ್ನು ಹೇಳುವುದೇ ನ್ಯಾಯವೆಂದು ತೋರುತ್ತದೆ.

2022ನೆಯ ಇಸವಿಯ ಮೇ ತಿಂಗಳ ಕಡೆಯಲ್ಲಿ ತೀರ್ಥಹಳ್ಳಿಯ ಸೀಮೆಯ ಒಂದು ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆವು. ಮನೆಯ ಮುಂದಣ ಮಾವಿನ ಮರದ ತುಂಬ ದಂಡೆ ಅರಳಿತ್ತು. ನಮ್ಮ ಮನೆಯವರು ಆ ಮರದ ಬುಡವನ್ನು ಬಿಟ್ಟು ಕದಲದೆ ನಿಂತದ್ದನ್ನು ಕಂಡು ಅತ್ತೆಯವರು, ಗಾಳಿಗೆ ಮುರಿದುಬಿದ್ದಿದ್ದ ಒಂದು ರೆಂಬೆಯನ್ನು ಅದರ ಮೇಲಿದ್ದ ಗಿಡದ ಸಮೇತ ಎತ್ತಿಕೊಟ್ಟು, "ತೆಗೆದುಕೊಂಡು ಹೋಗಮ್ಮ. ಆದರೆ ಹೆಚ್ಚು ಆರೈಕೆ ಮಾಡಬೇಡ" ಎಂದರು. ಎರಡನೆಯ ಮಾತನ್ನು ನಾವು ಹಾಸ್ಯವೆಂದು ತಿಳಿದೆವು.

ಬೆಂಗಳೂರಿಗೆ ಬಂದವರೇ ಗಿಡವನ್ನು ರೆಂಬೆಯಿಂದ ಕಿತ್ತು, ಒಳ್ಳೆಯದೊಂದು ಕುಂಡ ತಂದು, ಕೆಮ್ಮಣ್ಣು, ಮರಳು, ಹಳೆಯ ಸಗಣಿಗೊಬ್ಬರ ಮೂರನ್ನೂ ಹದವಾಗಿ ಬೆರಸಿ, ಬೇರುಗಳನ್ನೆಲ್ಲ ಜಾಗರೂಕತೆಯಿಂದ ಮಣ್ಣಿನೊಳಗೆ ಮುಚ್ಚಿದೆವು. ಬೆಳಗ್ಗೆಯೂ ಸಂಜೆಯೂ ತಪ್ಪದೆ ನೀರೆರೆದೆವು. ಇದ್ದ ಹೂ ಒಂದು ವಾರ ನಿಂತಿತು, ನೆರೆಹೊರೆಯವರು ಬಂದು ನೋಡಿ ಹೊಗಳಿದರು, ನಾವೂ ಹಿಗ್ಗಿದೆವು. ಆಷಾಢದಲ್ಲಿ ಕೆಳಗಣ ಎಲೆಯೊಂದು ಹಳದಿಗೆ ತಿರುಗಿತು. ನೀರು ಸಾಲದೆಂದು ಇನ್ನಷ್ಟು ಎರೆದೆವು. ಶ್ರಾವಣದ ಹೊತ್ತಿಗೆ ಗಿಡವನ್ನು ಮೆಲ್ಲನೆ ಮುಟ್ಟಿದರೆ ಅದು ಹಾಗೆಯೇ ಕೈಗೆ ಬಂದಿತು. ಬೇರುಗಳೆಲ್ಲ ಕಪ್ಪಾಗಿ ಕೊಳೆತುಹೋಗಿದ್ದುವು. ಮಗುವಿಗೆ ಹಸಿವಿಲ್ಲದಾಗ ಬಲವಂತದಿಂದ ಉಣಿಸಿ ಅಜೀರ್ಣಮಾಡಿಸುವ ತಾಯಿಯರ ವಿಚಾರವನ್ನು ನಾವು ಓದಿದ್ದೆವು. ಅಂಥ ತಾಯಿಯೇ ನಾವಾಗಿದ್ದೆವು.

ಈ ಸಂಗತಿಯನ್ನು ಅತ್ತೆಯವರಿಗೆ ತಿಳಿಸಲು ನಮಗೆ ಧೈರ್ಯವಾಗಲಿಲ್ಲ. ದೂರವಾಣಿಯಲ್ಲಿ ಮಾತನಾಡಿದಾಗಲೆಲ್ಲ ಹೂವಿನ ಮಾತು ಬಾರದಂತೆ ನೋಡಿಕೊಂಡೆವು. ಹೀಗೆ ಎರಡು ವರ್ಷ ಕಳೆಯಿತು. 2024ರ ಮೇ ತಿಂಗಳಲ್ಲಿ ಅವರೇ ಹೇಳಿ ಕಳುಹಿಸಿದರು: ಮನೆಯ ಮುಂದಣ ಮಾವಿನ ಮರ ಒಳಗೆ ಪೊಳ್ಳಾಗಿದೆ, ಮಳೆಗಾಲಕ್ಕೆ ಮೊದಲು ಕಡಿಸದೆ ವಿಧಿಯಿಲ್ಲ, ಕಡೆಯ ಸಲ ಅದರ ಹೂವನ್ನು ನೋಡುವುದಾದರೆ ಬನ್ನಿ, ಎಂದು. ನಾವು ಹೊರಟೆವು.

ರಾತ್ರಿಯ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದಿಳಿದು, ಬೆಳಗಿನ ಬಸ್ಸಿನಲ್ಲಿ ತೀರ್ಥಹಳ್ಳಿಯ ದಾರಿ ಹಿಡಿದೆವು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಂದು ಊರುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದಂತೆ ತುಂಗಾನದಿ ಎಡೆಯೆಡೆಯಲ್ಲಿ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಮಂಡಗದ್ದೆಯ ನಡುಗಡ್ಡೆಯ ಮರಗಳಿಗೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಲು ಬರುವುದು ಪ್ರಸಿದ್ಧವಾದ ವಿಷಯ. ಆದರೆ ನಮ್ಮ ಕಣ್ಣು ಹಕ್ಕಿಗಳ ಮೇಲಿರಲಿಲ್ಲ. ದಾರಿಯ ಇಕ್ಕೆಲದ ಮರಗಳನ್ನು ಒಂದನ್ನೂ ಬಿಡದೆ ನೋಡುತ್ತ ಹೋದೆವು.

ಹಾಗೆ ನೋಡುತ್ತ ಹೋದವರಿಗೆ ಒಂದು ವಿಚಾರ ಸ್ಪಷ್ಟವಾಯಿತು. ಸೀತಾಳೆದಂಡೆ ಎಲ್ಲ ಮರದ ಮೇಲೂ ಇರಲಿಲ್ಲ. ಇದ್ದ ಮರದಲ್ಲಿಯೂ ಎಲ್ಲ ಕಡೆಗೂ ಇರಲಿಲ್ಲ. ಮಾವು, ಹಲಸು, ಮತ್ತಿ ಮೊದಲಾದ ಒರಟು ತೊಗಟೆಯ ಹಳೆಯ ಮರಗಳಲ್ಲಿ ಅದು ಹೇರಳವಾಗಿತ್ತು. ಆಗಾಗ ತೊಗಟೆ ಕಳಚಿ ಮೈ ನುಣುಪಾಗಿ ನಿಲ್ಲುವ ನಂದಿಯ ಮರದ ಮೇಲೆ ಆ ದಾರಿಯುದ್ದಕ್ಕೂ ನಾವು ಒಂದನ್ನಾದರೂ ಕಾಣಲಿಲ್ಲ. ಎಳೆಯ ಮರಗಳು ಬರಿದಾಗಿದ್ದುವು. ಇರುವ ಮರದಲ್ಲಿಯೂ ಅದು ಬುಡದ ಕತ್ತಲೆಯಲ್ಲಿರದೆ, ತುದಿಯ ಕಡು ಬಿಸಿಲಿನಲ್ಲಿಯೂ ಇರದೆ, ಬೊಡ್ಡೆ ಕವಲೊಡೆದು ದಪ್ಪ ಕೊಂಬೆಗಳು ಚಾಚುವ ನಡುವಣ ನೆಲೆಯಲ್ಲಿ ಕುಳಿತಿತ್ತು. ಮನೆ ಕಟ್ಟುವ ಗೃಹಸ್ಥನು ಗಾಳಿ, ಬೆಳಕು, ನೀರು ಮೂರನ್ನೂ ನೋಡಿ ನಿವೇಶನವನ್ನು ಆರಿಸುವಂತೆ ಈ ಗಿಡವೂ ಆರಿಸಿತ್ತೆಂದು ನಮಗೆ ತೋರಿತು. ಆರಿಸುವುದು ಗಿಡವಲ್ಲ, ಮರ ಮತ್ತು ಗಾಳಿ ಎಂಬುದು ಆಮೇಲೆ ತಿಳಿಯಿತು. ಅದನ್ನು ಮುಂದೆ ಹೇಳುವೆವು.

ಅತ್ತೆಯವರ ಮನೆಯನ್ನು ಸೇರಿದಾಗ ಹೊತ್ತು ಏರಿತ್ತು. ಕೈಕಾಲು ತೊಳೆದು ಜಗುಲಿಯಲ್ಲಿ ಕುಳಿತು ಬೆಲ್ಲದ ಪಾನಕ ಕುಡಿಯುತ್ತಿದ್ದಂತೆಯೇ ನಾವು ಹೆದರಿದ್ದ ಪ್ರಶ್ನೆ ಬಂದಿತು.

"ಏನಪ್ಪ, ಕೊಟ್ಟುಕಳುಹಿಸಿದ ದಂಡೆ ಈ ವರ್ಷ ಹೂ ಬಿಟ್ಟಿತೋ?"

ಇದ್ದದ್ದನ್ನು ಇದ್ದಂತೆ ಹೇಳಿದೆವು. ಕೆಮ್ಮಣ್ಣು, ಗೊಬ್ಬರ, ಎರಡು ಹೊತ್ತಿನ ನೀರು ಯಾವುದನ್ನೂ ಬಿಡಲಿಲ್ಲ. ಅತ್ತೆಯವರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಕ್ಕಿಯನ್ನು ತಂದು ನೀರಿನಲ್ಲಿ ಸಾಕಿದ ಹಾಗಾಯಿತು" ಎಂದಷ್ಟೇ ಹೇಳಿ ಒಳಕ್ಕೆ ಹೋದರು. ಬೈದಿದ್ದರೆ ನಮಗೆ ಇದಕ್ಕಿಂತ ಹಗುರವಾಗುತ್ತಿತ್ತು.

ಸಂಜೆ ಮರದ ಬಳಿಗೆ ಹೋದೆವು. ಹೂ ತುಂಬಿದ ಮಾವಿನ ಮರವು ನೋಡಲು ಗಟ್ಟಿಯಾಗಿಯೇ ಕಾಣುತ್ತಿತ್ತು. ಆದರೆ ಬುಡದಲ್ಲಿ ಆಳುದ್ದದ ಪೊಟರೆ. ಕೋಲಿನಿಂದ ತಟ್ಟಿದರೆ ಡೊಳ್ಳಿನಂತೆ ಸದ್ದು. ದೊಡ್ಡ ಕೊಂಬೆ ನೇರವಾಗಿ ಮನೆಯ ಹೆಂಚಿನ ಮೇಲೆ ಚಾಚಿತ್ತು. ಆ ಕೊಂಬೆಯ ಕೆಳಗಿನ ಕೋಣೆಯಲ್ಲಿ ಮಕ್ಕಳು ಮಲಗುತ್ತಿದ್ದರು. ಮರವನ್ನು ಉಳಿಸೆಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಕಡಿಯುವವರು ಐದು ದಿನಗಳಲ್ಲಿ ಬರುವವರಿದ್ದರು. ಮರದ ಮೇಲಿದ್ದ ಗಿಡಗಳನ್ನು ಎಣಿಸಿದೆವು. ಚಿಕ್ಕವನ್ನು ಬಿಟ್ಟು ಒಂಬತ್ತು ದೊಡ್ಡ ಗಿಡಗಳಿದ್ದುವು. ಇವುಗಳ ಗತಿಯೇನೆಂದು ಕೇಳಿದೆವು. ಕಡಿದ ಮರದ ಜೊತೆಗೆ ಹೋಗುವುವು, ಮತ್ತೇನು, ಎಂದು ಅತ್ತೆಯವರ ಮಗ, ನಮ್ಮ ಭಾವನವರು ಹೇಳಿದರು. ಅತ್ತೆಯವರು ಮಾತ್ರ ಅಂಗಳದ ಆಚೆಯ ಹಲಸಿನ ಮರವನ್ನು ನೋಡುತ್ತಿದ್ದರು.

ಮಾರನೆಯ ದಿನ ಏಣಿ ಹಾಕಿಸಿ, ನಾವು ಜೀವಮಾನದಲ್ಲಿ ಮೊದಲ ಸಲ ಆ ಗಿಡವನ್ನು ಅದರ ಮನೆಯಲ್ಲಿಯೇ ಹತ್ತಿರದಿಂದ ನೋಡಿದೆವು. ತೊಗಲಿನಂತೆ ದಪ್ಪನಾದ ಉದ್ದನೆಯ ಎಲೆಗಳು ಎರಡು ಸಾಲಾಗಿ ಒಂದರ ಬುಡಕ್ಕೊಂದು ಸೇರಿಕೊಂಡು, ನಡುವೆ ದೋಣಿಯ ತಳದಂತೆ ತಗ್ಗಾಗಿದ್ದುವು. ಎಲೆಯ ತುದಿ ಚೂಪಾಗಿರದೆ ಕತ್ತರಿಸಿದಂತೆ ಮೊಂಡಾಗಿತ್ತು. ಎಲೆಗಳ ಸಂದಿನಿಂದ ಹೊರಟ ಹೂಗೊನೆ ಒಂದು ಗೇಣಿಗೂ ಮಿಗಿಲಾಗಿ ಕೆಳಕ್ಕೆ ಬಾಗಿತ್ತು. ಒಂದೊಂದು ಗೊನೆಯಲ್ಲಿಯೂ ಬೆರಳುಗುರಿನಷ್ಟು ಅಗಲದ ಹೂಗಳು ನೂರಕ್ಕೆ ಕಡಮೆಯಿರಲಿಲ್ಲ. ಬಿಳಿಯ ಎಸಳಿನ ಮೇಲೆ ನಸುನೇರಳೆಯ ಚುಕ್ಕೆಗಳು, ನಡುವೆ ನಾಲಗೆಯಂತೆ ಚಾಚಿದ ಗಾಢ ಬಣ್ಣದ ಎಸಳೊಂದು. ಹತ್ತಿರ ಮೂಗಿಟ್ಟರೆ ಸಣ್ಣದೊಂದು ಪರಿಮಳ.

ಆದರೆ ನಮ್ಮನ್ನು ಬೆರಗುಗೊಳಿಸಿದ್ದು ಹೂವಲ್ಲ, ಬೇರು. ಕಿರುಬೆರಳಿಗೆ ಕೊಂಚ ಕಡಮೆ ದಪ್ಪದ ಬೂದುಬಣ್ಣದ ಬೇರುಗಳು ತೊಗಟೆಯ ಮೇಲೆ ಹಾವಿನಂತೆ ಹರಿದು ಮೊಳಗಟ್ಟಲೆ ದೂರ ಹೋಗಿದ್ದುವು. ಕೆಲವು ಏನನ್ನೂ ಹಿಡಿಯದೆ ಬರಿಯ ಗಾಳಿಯಲ್ಲಿ ತೂಗುತ್ತಿದ್ದುವು. ಒಂದು ಬೇರಾದರೂ ಮರದ ಒಳಕ್ಕೆ ಇಳಿದಿರಲಿಲ್ಲ. ಚೊಂಬಿನಲ್ಲಿ ತಂದಿದ್ದ ನೀರನ್ನು ಒಂದು ಬೇರಿನ ಮೇಲೆ ಹನಿಸಿದೆವು. ನೋಡುನೋಡುತ್ತಿದ್ದಂತೆಯೇ ಬೂದುಬಣ್ಣ ಮಾಯವಾಗಿ ಬೇರು ಹಸುರಾಯಿತು! ಒತ್ತುಕಾಗದವು ಶಾಯಿಯನ್ನು ಕುಡಿಯುವಂತೆ ಅದು ನೀರನ್ನು ಕುಡಿದುಬಿಟ್ಟಿತ್ತು.

ಇದರ ಕಾರಣವನ್ನು ಸಸ್ಯಶಾಸ್ತ್ರಜ್ಞರು ಹೀಗೆ ವಿವರಿಸುವರು. ಈ ಬೇರಿನ ಮೈಮೇಲೆ ಬೆಂಡಿನಂಥ ಹೊದಿಕೆಯೊಂದಿರುವುದು. ಅದರ ಕೋಶಗಳು ಸತ್ತು ಟೊಳ್ಳಾಗಿರುವುವು. ಒಣಗಿರುವಾಗ ಅವುಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಗೆ ಕಾಣುವುದು. ಮಳೆಯ ಹನಿ ತಾಕಿದೊಡನೆ ನೀರು ತುಂಬಿಕೊಂಡು ಒಳಗಿನ ಹಸುರು ಹೊರಗೆ ಕಾಣುವುದು. ಮಳೆ ನಿಂತ ಮೇಲೆ ಗಾಳಿಯಾಡಿ ಹೊದಿಕೆ ಮತ್ತೆ ಒಣಗಬೇಕು. ಹೀಗೆ ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಎಂಬುದೇ ಆ ಬೇರಿನ ಉಸಿರಾಟ. ಬೇರು ಹಸುರಾಗಿರುವುದರಿಂದ ಎಲೆಯ ಕೆಲಸವನ್ನೂ ಅದು ಕೊಂಚಮಟ್ಟಿಗೆ ಮಾಡುವುದು. ಇಂಥ ಬೇರನ್ನು ನಾವು ಬೆಳಕೂ ಗಾಳಿಯೂ ಸೋಕದ ಹಸಿಮಣ್ಣಿನಲ್ಲಿ ಮುಚ್ಚಿ, ಒಣಗಲು ಒಂದು ಗಳಿಗೆಯನ್ನೂ ಕೊಡದೆ ಎರಡು ಹೊತ್ತೂ ನೀರು ಹೊಯ್ದಿದ್ದೆವು. ಉಸಿರುಕಟ್ಟಿ ಸಾಯದೆ ಅದು ಮತ್ತೇನು ಮಾಡೀತು?

ಏಣಿಯ ಮೇಲಿದ್ದಾಗಲೇ ಮತ್ತೊಂದು ಸಂಶಯವೂ ಪರಿಹಾರವಾಯಿತು. ಅದೇ ಮಾವಿನ ಮರದ ಇನ್ನೊಂದು ಕೊಂಬೆಯಲ್ಲಿ ಬದನಿಕೆ ಬೆಳೆದಿತ್ತು. ಸೀತಾಳೆದಂಡೆಯೂ ಒಂದು ಬಗೆಯ ಬದನಿಕೆಯೆಂದೂ, ಮರವು ಪೊಳ್ಳಾದುದು ಅದರಿಂದಲೇ ಎಂದೂ ನೆರೆಯವರೊಬ್ಬರು ಹೇಳಿದ್ದರು. ಬದನಿಕೆಯ ಬುಡವನ್ನು ನೋಡಿದೆವು. ಅದು ಹೊಕ್ಕ ಎಡೆಯಲ್ಲಿ ಕೊಂಬೆ ಗಂಟುಕಟ್ಟಿ ಊದಿತ್ತು. ಅಲ್ಲಿಂದ ಮುಂದಕ್ಕೆ ಬಡಕಲಾಗಿತ್ತು. ಬದನಿಕೆ ತನ್ನ ಬೇರನ್ನು ಮರದ ಒಳಕ್ಕೆ ಚುಚ್ಚಿ ಅದರ ರಸವನ್ನು ಹೀರುವುದು. ಸೀತಾಳೆದಂಡೆಯ ಕೆಳಗಿನ ತೊಗಟೆಯನ್ನೋ, ಗಾಯವಿಲ್ಲದೆ ಮೊದಲಿದ್ದಂತೆಯೇ ಕಂಡೆವು. ಮಳೆಯ ನೀರು ಕೊಂಬೆಯ ಮೇಲೆ ಹರಿದು ಬರುವಾಗ ತರುವ ಧೂಳು, ಕೊಳೆತ ಎಲೆಯ ಪುಡಿ, ಹಕ್ಕಿಯ ಹಿಕ್ಕೆ ಇವುಗಳ ಸಾರವೇ ಅದಕ್ಕೆ ಊಟ. ಮರದಿಂದ ಅದು ಪಡೆಯುವುದು ನಿಲ್ಲುವ ನೆಲೆಯನ್ನು ಮಾತ್ರ. ಇಂಥ ಗಿಡಗಳನ್ನು ಶಾಸ್ತ್ರದಲ್ಲಿ ಅಧಿಸಸ್ಯಗಳೆಂದು ಕರೆಯುವರು. ಮನೆಗೆ ಕನ್ನ ಹಾಕುವವನಿಗೂ ಜಗುಲಿಯ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡು ಹೋಗುವ ದಾರಿಗನಿಗೂ ಎಷ್ಟು ವ್ಯತ್ಯಾಸವೋ, ಬದನಿಕೆಗೂ ಸೀತಾಳೆದಂಡೆಗೂ ಅಷ್ಟು ವ್ಯತ್ಯಾಸ.

ಕಡಿಯುವವರು ಬರಲು ಇನ್ನೂ ಮೂರು ದಿನವಿದ್ದುದರಿಂದ ನಡುವೆ ಒಂದು ದಿನ ಆಗುಂಬೆಗೆ ಹೋಗಿಬಂದೆವು. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದ ಆ ಚಿಕ್ಕ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ, ಅಂದರೆ 275 ಅಂಗುಲಕ್ಕಿಂತ ಹೆಚ್ಚಾಗಿ ಮಳೆ ಬೀಳುವುದು. ಊರಿನ ಆಚೆಗೆ ಘಟ್ಟದ ರಸ್ತೆ ಹದಿನಾಲ್ಕು ತಿರುವುಗಳಲ್ಲಿ ಸುತ್ತಿ ಸೋಮೇಶ್ವರಕ್ಕೆ ಇಳಿಯುವುದು. ಅರಬ್ಬೀ ಸಮುದ್ರದ ಮೇಲಿಂದ ಬರುವ ಮೋಡಗಳು ಆ ಗೋಡೆಯಂಥ ಘಟ್ಟಕ್ಕೆ ತಾಗಿ ಮೇಲೇರಿ, ತಣ್ಣಗಾಗಿ, ಹೊತ್ತ ಹೊರೆಯನ್ನು ಅಲ್ಲಿಯೇ ಇಳಿಸುವುವು. ಇಷ್ಟು ಮಳೆಯ ನಾಡಿನಲ್ಲಿ ಸೀತಾಳೆದಂಡೆಯ ತೋಟವನ್ನೇ ಕಾಣುವೆವೆಂದು ನಾವು ಎಣಿಸಿದ್ದೆವು.

ಆದರೆ ರಸ್ತೆಯಿಂದ ಒಳಕ್ಕೆ ಕಾಲುದಾರಿಯಲ್ಲಿ ನಡೆದಾಗ ನಿತ್ಯಹಸುರಿನ ಆ ಅಡವಿಯ ತಳದಲ್ಲಿ ಹಾವಸೆ, ಜರಿಗಿಡ, ಇಂಬಳ ಇವೇ ಹೊರತು ನಾವು ಹುಡುಕುತ್ತಿದ್ದುದು ಕಾಣಲಿಲ್ಲ. ನಡುಹಗಲಿನಲ್ಲಿಯೂ ಅಲ್ಲಿ ಸಂಜೆಯ ಬೆಳಕು. ಗಾಳಿಗೆ ಬಿದ್ದಿದ್ದ ದೊಡ್ಡ ಕೊಂಬೆಯೊಂದನ್ನು ಕಂಡಾಗ ಗುಟ್ಟು ತಿಳಿಯಿತು. ಅದರ ಮೇಲೆ ನಾಲ್ಕೈದು ಬಗೆಯ ಆರ್ಕಿಡ್ ಗಿಡಗಳಿದ್ದುವು! ಕೆಲವಕ್ಕೆ ಗೋಲಿಯಂಥ ಗಡ್ಡೆಗಳು, ಕೆಲವಕ್ಕೆ ಕಬ್ಬಿನ ಗೆಣ್ಣಿನಂಥ ಕಾಂಡಗಳು. ತೋಟ ಇದ್ದದ್ದು ನಮ್ಮ ತಲೆಯ ಮೇಲೆ, ಹತ್ತಾಳು ಎತ್ತರದಲ್ಲಿ, ಬೆಳಕೂ ಗಾಳಿಯೂ ಇರುವ ಕೊಂಬೆಗಳ ಮೇಲೆ. ಲೋಕದಲ್ಲಿ ತಿಳಿದಿರುವ ಸುಮಾರು 28,000 ಬಗೆಯ ಆರ್ಕಿಡ್‌ಗಳಲ್ಲಿ ಹತ್ತರಲ್ಲಿ ಏಳು ಪಾಲು ಹೀಗೆ ಮರಗಳ ಮೇಲೆ ಬಾಳುವಂಥವು. ನೆಲದ ಕತ್ತಲೆಯಲ್ಲಿ ಬೆಳಕಿಗಾಗಿ ಹೋರಾಡುವುದನ್ನು ಬಿಟ್ಟು ಅವು ಮಹಡಿಯ ಮೇಲೆ ಮನೆಮಾಡಿಕೊಂಡವು. ಅದಕ್ಕೆ ತೆತ್ತ ಬೆಲೆಯೆಂದರೆ ಮಣ್ಣಿನ ಉಗ್ರಾಣವನ್ನು ಬಿಟ್ಟುಕೊಟ್ಟದ್ದು. ನಾಲ್ಕು ತಿಂಗಳು ಜಡಿಮಳೆಯಲ್ಲಿ ನೆನೆಯುವ ಆ ಕೊಂಬೆಯೇ ಮಾಘ ಫಾಲ್ಗುಣಗಳಲ್ಲಿ ಮರಳುಗಾಡಿನಂತೆ ಒಣಗುವುದು. ಬೆಳಗಿನ ಮಂಜೇ ಆಗ ಗತಿ. ಅದಕ್ಕಾಗಿಯೇ ದಪ್ಪ ಎಲೆಯಲ್ಲಿ ನೀರಿನ ಸಂಗ್ರಹ. ಇಂಥ ದಪ್ಪ ಎಲೆಯ ಆರ್ಕಿಡ್‌ಗಳಲ್ಲಿ ಅನೇಕವು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಉಸಿರಾಡುವುವು. ಜೀನಗಾರಿಕೆಯಲ್ಲಿ ಯಾವ ಗೃಹಿಣಿಯೂ ಅವನ್ನು ಮೀರಿಸಲಾರಳು.

ಸೀತಾಳೆದಂಡೆಗೆ ದಟ್ಟ ಅಡವಿಯ ಒಳಭಾಗಕ್ಕಿಂತ ಅಡವಿಯ ಅಂಚು, ರಸ್ತೆಯ ಸಾಲುಮರ, ದೇವಸ್ಥಾನದ ಬನ, ಕಾಫಿಯ ತೋಟದ ನೆರಳುಮರ, ಮನೆಯ ಅಂಗಳ ಇವೇ ಹೆಚ್ಚು ಒಗ್ಗಿದಂತೆ ನಮಗೆ ಕಂಡಿತು. ಬೆಳಗಿನ ಎಳೆಬಿಸಿಲು ಬರುವ, ನಡುಹಗಲಿನಲ್ಲಿ ಎಲೆಯ ನೆರಳು ಜಾಲರಿಯಂತೆ ಬೀಳುವ ಜಾಗ ಅದಕ್ಕೆ ಬೇಕು. ಅಂಥ ಜಾಗಗಳೆಲ್ಲ ಮನುಷ್ಯನ ಕೈಗೆಟಕುವಂಥವು. ಅದರ ಸೌಭಾಗ್ಯವೂ ಅದೇ, ಅಪಾಯವೂ ಅದೇ. ಕಾಫಿಯ ತೋಟಗಳಲ್ಲಿ ಮಳೆಗಾಲಕ್ಕೆ ಮೊದಲು ನೆರಳುಮರಗಳ ಕೊಂಬೆ ಸವರುವ ಮರಗಸಿಯ ಕೆಲಸವೂ ಹೂ ಬಿಡುವ ಕಾಲವೂ ಒಂದೇ ಆಗಿರುವುದರಿಂದ, ಹೂ ಹೊತ್ತ ಗಿಡಗಳು ಕೊಂಬೆಯೊಡನೆ ನೆಲಕ್ಕೆ ಬಿದ್ದು ಕೊಳೆಯುವುದನ್ನು ನಾವು ಬೇರೆ ಸಂದರ್ಭಗಳಲ್ಲಿ ಕಂಡಿದ್ದೇವೆ.

ಹೋದರೆ ಹೋಗಲಿ, ಮತ್ತೆ ಹುಟ್ಟುವುದಲ್ಲ ಎಂದು ಕೆಲವರು ಹೇಳಬಹುದು. ಆದರೆ ಅದು ಹುಟ್ಟುವ ಬಗೆಯನ್ನು ಕೇಳಿದರೆ ಹಾಗೆ ಹೇಳಲು ಮನಸ್ಸಾಗದು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಬಗೆಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುವುವು. ಕಾಯಿ ಬಿರಿದರೆ ಬೀಜವು ಹಿಟ್ಟಿನ ಧೂಳಿಯಂತೆ ಗಾಳಿಯಲ್ಲಿ ಹಾರುವುದು. ಕಡಲೆಯಲ್ಲಿ ಬೇಳೆಯಿರುವಂತೆ ಮೊಳಕೆಗೆ ಬೇಕಾದ ಬುತ್ತಿ ಅದರೊಳಗೆ ಇಲ್ಲ. ಒರಟು ತೊಗಟೆಯ ಬಿರುಕಿನಲ್ಲಿ ಸಿಕ್ಕಿಕೊಂಡು, ಅಲ್ಲಿ ತಕ್ಕ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ, ಅದರೊಳಗೆ ಹೊಕ್ಕು ಆಹಾರವನ್ನು ಒದಗಿಸಿದರೆ ಮಾತ್ರ ಅದು ಮೊಳೆಯುವುದು. ಈ ರಹಸ್ಯವನ್ನು 1899ರಲ್ಲಿ ಫ್ರಾನ್ಸ್ ದೇಶದ ನೋಯೆಲ್ ಬರ್ನಾರ್ ಎಂಬ ತರುಣ ವಿಜ್ಞಾನಿ ಕಂಡುಹಿಡಿದನು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬವನು, ಸಕ್ಕರೆ ಬೆರೆತ ಪಾಕದ ಮೇಲೆ ಶಿಲೀಂಧ್ರದ ಸಹಾಯವಿಲ್ಲದೆಯೇ ಬೀಜವನ್ನು ಮೊಳೆಯಿಸಬಹುದೆಂದು ತೋರಿಸಿದನು. ಆದರೆ ಅದು ಗಾಜಿನ ಸೀಸೆಯೊಳಗಿನ ಮಾತು. ಮರದ ಮೇಲೆ ಲಕ್ಷಕ್ಕೊಂದು ಬೀಜ ನೆಲೆ ಕಂಡರೆ ಹೆಚ್ಚು. ಕಂಡದ್ದು ಹೂ ಬಿಡಲು ಹಲವು ವರ್ಷ ಬೇಕು. ಎಳೆಯ ಮರಗಳು ಬರಿದಾಗಿದ್ದುದಕ್ಕೆ, ಹಳೆಯ ಮರಗಳೇ ತುಂಬಿಕೊಂಡಿದ್ದುದಕ್ಕೆ ಕಾರಣ ಇದೇ. ಒಂದು ಹಳೆಯ ಮಾವನ್ನು ಕಡಿದು ಅದರ ಜಾಗದಲ್ಲಿ ಒಂದು ಸಸಿ ನೆಟ್ಟರೆ ಲೆಕ್ಕದಲ್ಲಿ ಮರಕ್ಕೆ ಮರ ಸರಿಹೋಯಿತು. ಸೀತಾಳೆದಂಡೆಯ ಲೆಕ್ಕದಲ್ಲಿ ಅದು ಒಂದು ತಲೆಮಾರಿನ ನಷ್ಟ.

ಈ ಹೂವಿನ ಪರಿಚಯ ಲೋಕಕ್ಕೆ ಆದುದು ನಮ್ಮ ಪಶ್ಚಿಮದ ಕರಾವಳಿಯಿಂದಲೇ. ಡಚ್ಚರ ಅಧಿಕಾರಿಯಾಗಿ ಕೊಚ್ಚಿಯಲ್ಲಿದ್ದ ವಾನ್ ರೀಡ್ ಎಂಬವನು ಮಲೆಯಾಳದ ಗಿಡಮೂಲಿಕೆಗಳನ್ನು ಕುರಿತು ಸ್ಥಳೀಯ ವೈದ್ಯರ ಸಹಾಯದಿಂದ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥವು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಕಡೆಯ ಸಂಪುಟದಲ್ಲಿ ಈ ಗಿಡದ ಚಿತ್ರ ಆಂಜಿಲಿ ಮರದ ಹೆಸರಿನೊಡನೆ ಸೇರಿ ಬಂದಿದೆ. ಆಂಜಿಲಿ ಎಂದರೆ ನಮ್ಮ ಹೆಬ್ಬಲಸು. ಆ ಚಿತ್ರವನ್ನು ಆಧಾರವಾಗಿಟ್ಟುಕೊಂಡು 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಪಂಡಿತನು ಇದಕ್ಕೆ, ಮರದ ಮೇಲಿರುವುದು ಎಂಬರ್ಥದ ಎಪಿಡೆಂಡ್ರಂ ಎಂಬ ಹೆಸರನ್ನಿಟ್ಟನು. ಈಗಿನ ಶಾಸ್ತ್ರೀಯ ನಾಮ ರಿಂಕೋಸ್ಟೈಲಿಸ್ ರೆಟ್ಯೂಸ. ಭಾರತ, ಸಿಂಹಳದಿಂದ ಹಿಡಿದು ಫಿಲಿಪ್ಪೀನ್ಸ್ ದ್ವೀಪಗಳವರೆಗೂ ಇದು ಉಂಟು. ಅಸ್ಸಾಮಿನಲ್ಲಿ ಇದನ್ನು ಕೊಪೌ ಹೂವೆಂದು ಕರೆದು, ವಸಂತದ ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ತುರುಬಿಗೆ ಮುಡಿಯುವರು. ಅದು ಆ ರಾಜ್ಯದ ಪುಷ್ಪವೂ ಹೌದು. ವನವಾಸದಲ್ಲಿ ಸೀತಾದೇವಿ ಮುಡಿದದ್ದೆಂದು ನಮ್ಮ ಅತ್ತೆಯವರು ಹೇಳುವರು. ಭಾಷೆ ಬೇರೆಯಾದರೂ ಎರಡು ಸೀಮೆಯ ಹೆಂಗಸರಿಗೂ ಇದನ್ನು ಕಂಡೊಡನೆ ಮುಡಿಯ ನೆನಪೇ ಬಂದಿತಲ್ಲ!

ನಮ್ಮ ತಪ್ಪಿಗೆ ಹಿರಿಯ ಜೊತೆಗಾರರೂ ಇದ್ದರೆಂಬುದು ಒಂದು ಸಮಾಧಾನ. 1850ರಲ್ಲಿ ಜೋಸೆಫ್ ಹೂಕರ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನು ಖಾಸಿ ಬೆಟ್ಟಗಳಲ್ಲಿ ನೀಲಿ ಆರ್ಕಿಡ್ ಗಿಡಗಳನ್ನು ಏಳು ಆಳುಗಳ ಹೊರೆಯಾಗುವಷ್ಟು ಕೂಡಿಸಿ ಇಂಗ್ಲೆಂಡಿನ ಕ್ಯೂ ತೋಟಕ್ಕೆ ಕಳುಹಿಸಿದನು. ಜೀವಂತವಾಗಿ ತಲಪಿದವು ಕೆಲವೇ. ಆ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ತೋಟಗಾರರು, ಉಷ್ಣದೇಶದ ಗಿಡಕ್ಕೆ ಸೆಕೆಯೇ ಬೇಕೆಂದು ಬಗೆದು, ಗಾಳಿಯಾಡದ ಗಾಜಿನ ಮನೆಗಳಲ್ಲಿ ಆವಿ ತುಂಬಿ ಅಸಂಖ್ಯಾತ ಆರ್ಕಿಡ್‌ಗಳನ್ನು ಕಳೆದುಕೊಂಡರು. ಗಾಳಿಯನ್ನು ಬಿಡಲು ಕಲಿತ ಮೇಲೆಯೇ ಅವರ ಗಿಡಗಳು ಉಳಿದುವು.

ಐದನೆಯ ದಿನ ಮರ ಹತ್ತುವ ಆಳು ಬಂದನು. ಮರ ಬೀಳುವುದಕ್ಕೆ ಮೊದಲು ಒಂಬತ್ತು ಗಿಡಗಳನ್ನೂ ಇಳಿಸಬೇಕೆಂದು ಅತ್ತೆಯವರು ಅಪ್ಪಣೆಮಾಡಿದರು. ನಾವು ಬೇರನ್ನು ಬಿಡಿಸಿ ಇಳಿಸಿಕೊಡೆಂದು ಹೇಳಿದಾಗ ಅವನು ನಕ್ಕು, "ಬಿಡಿಸಿದರೆ ಬೇರು ಮುರಿಯುತ್ತದೆ ಅಯ್ಯಾ, ಚೆಕ್ಕೆಯನ್ನೇ ಎಬ್ಬಿಸಬೇಕು" ಎಂದನು. ಕತ್ತಿಯ ಬಾಯಿಯಿಂದ ತೊಗಟೆಯನ್ನು ತೆಳುವಾಗಿ ಎಬ್ಬಿಸಿ, ಬೇರು ಕಚ್ಚಿಕೊಂಡಿದ್ದಂತೆಯೇ ಒಂದೊಂದನ್ನೂ ಬುಟ್ಟಿಯಲ್ಲಿ ಇಳಿಸಿದನು. ಭಾವನವರೂ ಬಂದು ಬುಟ್ಟಿಯನ್ನು ಹಿಡಿದುಕೊಂಡರು. ಒಂದಾದರೂ ನೆಲವನ್ನು ಮುಟ್ಟಲಿಲ್ಲ.

ಹಲಸಿನ ಮರದ ಬಳಿ ಅತ್ತೆಯವರು ನಿಂತು ಹೇಳುತ್ತ ಹೋದರು: ಮೊದಲು ಇದ್ದಷ್ಟೇ ಎತ್ತರದಲ್ಲಿರಲಿ, ಮೂಡಣ ಮಗ್ಗುಲಿಗಿರಲಿ, ತೆಂಗಿನ ನಾರಿನ ಹುರಿಯಿಂದ ಕಟ್ಟಿ, ತಂತಿ ಬೇಡ, ಗಾಳಿಗೆ ಅಲುಗದಂತೆ ಬಿಗಿಯಾಗಿರಲಿ, ಆದರೆ ಎಲೆಯ ನಡುವಣ ಸುಳಿಗೆ ಹುರಿ ತಾಗದಿರಲಿ. ನಮ್ಮ ಮನೆಯವರು ಹಳೆಯ ಅಭ್ಯಾಸದಿಂದ, "ಬುಡಕ್ಕೆ ಒಂದು ಹಿಡಿ ಗೊಬ್ಬರ, ಅತ್ತೆ?" ಎಂದು ಕೇಳಿದರು. "ಬೇಡಮ್ಮ. ಇನ್ನು ಹತ್ತು ದಿನಕ್ಕೆ ಮಳೆ ಹಿಡಿಯುತ್ತದೆ. ನಮ್ಮ ಕೆಲಸ ಕಟ್ಟುವುದು. ಹಿಡಿದುಕೊಳ್ಳುವುದು ಅದರ ಕೆಲಸ" ಎಂದರು. ಮಧ್ಯಾಹ್ನದ ಹೊತ್ತಿಗೆ ಮಾವಿನ ಮರ ಉರುಳಿತು. ಅತ್ತೆಯವರು ಆ ಹೊತ್ತಿನಲ್ಲಿ ಹೊರಕ್ಕೆ ಬರಲಿಲ್ಲ. ಅವರು ಸೊಸೆಯಾಗಿ ಆ ಮನೆಯನ್ನು ಹೊಕ್ಕ ದಿನ ಅದೇ ಮರದ ದಂಡೆಯನ್ನು ಅವರ ಮುಡಿಗೆ ಇಟ್ಟಿದ್ದರೆಂದು ಭಾವನವರು ನಮಗೆ ಆಮೇಲೆ ಹೇಳಿದರು.

2025ರಲ್ಲಿ ಮುಂಗಾರು ಬೇಗನೆ ಬಂದಿತು. ಮೇ 24ರಂದೇ ಕೇರಳವನ್ನು ಮುಟ್ಟಿತ್ತು. ಜೂನ್ ಮೊದಲಲ್ಲಿ ನಾವು ಹೋದಾಗ ಅಂಗಳದಲ್ಲಿ ಮಾವಿನ ಮರವಿದ್ದ ಎಡೆ ಬಯಲಾಗಿ, ಜಗುಲಿಗೆ ಹಿಂದಿಲ್ಲದ ಬೆಳಕು ಬರುತ್ತಿತ್ತು. ಹಲಸಿನ ಮರದ ಮೇಲಿನ ಒಂಬತ್ತರಲ್ಲಿ ಮೂರು ಗಿಡಗಳು ಒಣಗಿಹೋಗಿದ್ದುವು. ಆರು ಗಿಡಗಳು ಹಳೆಯ ಚೆಕ್ಕೆಯನ್ನು ದಾಟಿ ಹಲಸಿನ ತೊಗಟೆಯ ಮೇಲೆ ಹೊಸ ಬೇರನ್ನು ಚಾಚಿದ್ದುವು. ಬೇರಿನ ತುದಿಗಳು ಎಳೆಹಸುರಾಗಿ ಮಿನುಗುತ್ತಿದ್ದುವು. ಹುರಿ ಅಲ್ಲಲ್ಲಿ ಸವೆದು ಹರಿದಿದ್ದರೂ ಗಿಡಗಳು ಅಲುಗಲಿಲ್ಲ. ಒಂದರಲ್ಲಿ ಮಾತ್ರ ಹೂಗೊನೆ ಇಳಿದಿತ್ತು. ಹಿಂದಿನ ವೈಭವವಿಲ್ಲ; ಬೆರಳುದ್ದದ ಗೊನೆ, ಇಪ್ಪತ್ತೋ ಮೂವತ್ತೋ ಹೂ. ಅತ್ತೆಯವರು ಅದನ್ನು ಕೀಳಗೊಡಲಿಲ್ಲ. "ಈ ವರ್ಷ ಅದು ಮರಕ್ಕೇ ಇರಲಿ" ಎಂದರು.

ವಾಚಕರಲ್ಲಿ ಮಲೆನಾಡಿನವರು, ತೋಟದವರು ಅನೇಕರಿರಬಹುದು. ಮರವನ್ನು ಕಡಿಯಲೇಬಾರದೆಂದು ನಾವು ಹೇಳುವವರಲ್ಲ. ಮಕ್ಕಳು ಮಲಗುವ ಕೋಣೆಯ ಮೇಲೆ ಪೊಳ್ಳು ಮರವನ್ನು ಯಾರೂ ಇಟ್ಟುಕೊಳ್ಳಲಾರರು. ಆದರೆ ನಮ್ಮ ಸ್ವಂತ ನೆಲದಲ್ಲಿ ಮರ ಬೀಳಿಸುವ ದಿನ, ಮರಗಸಿಯ ದಿನ, ಅರ್ಧ ಹೊತ್ತಿನ ಕೆಲಸವೂ ಒಂದು ಉಂಡೆ ಹುರಿಯೂ ಆದರೆ ಮೇಲಿರುವ ಗಿಡಗಳನ್ನು ಪಕ್ಕದ ಮರಕ್ಕೆ ದಾಟಿಸಬಹುದು. ಅಡವಿಯಿಂದ ಕೀಳುವುದು ಕಾನೂನಿಗೂ ವಿರುದ್ಧ, ಗಿಡಕ್ಕೂ ಮೃತ್ಯು. ಪಟ್ಟಣದಲ್ಲಿರುವ ನಮ್ಮಂಥವರಿಗೆ ಅದನ್ನು ನೋಡುವ ಆಸೆಯಾದರೆ ರೋಹಿಣಿ ಮಳೆಯ ಹೊತ್ತಿಗೆ ರೈಲು ಬಸ್ಸುಗಳು ಹೇಗೂ ಇವೆ.

ಹಿಂದಿರುಗುವಾಗ ಅತ್ತೆಯವರು, ಚಿಕ್ಕದೊಂದು ಗಿಡವಿದೆ, ಈಗ ತಿಳಿವಳಿಕೆ ಬಂದಿದೆಯಲ್ಲ, ಒಯ್ಯುವಿರಾ ಎಂದು ಕೇಳಿದರು. ನಾವು ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಬೆಂಗಳೂರಿನ ನಮ್ಮ ಮನೆಯಲ್ಲಿ ಹಲಸಿನ ಮರವಿಲ್ಲ. ಅದು ಅಲ್ಲಿಯೇ ಇರಲಿ, ಮುಂದಿನ ವರ್ಷ ನಾವೇ ಬರುವೆವು ಎಂದು ಹೇಳಿ, ನಮಸ್ಕರಿಸಿ ಹೊರಟೆವು. ಆ ಹಳೆಯ ಕುಂಡದಲ್ಲಿ ಈಗ ತುಳಸಿ ಬೆಳೆದಿದೆ.